ಅಪ್‌ಡೇಟ್: ಡೆಬಿಯನ್‌ನಲ್ಲಿ ಮಾಯವಾಗುತ್ತಿದ್ದ ಕನ್ನಡ ಮೆನು ಮರಳಿ ಬಂತು

ಹೊಸ ತಂತ್ರಾಂಶ ಹಾಕಿದಾಗಲೆಲ್ಲ ಡೆಬಿಯನ್ (ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ) ಇರುವ ಅಮ್ಮನ ಲ್ಯಾಪ್‌ಟಾಪಿನ ಕನ್ನಡ ಮೆನುಗಳು ಇಂಗ್ಲಿಷಿಗೆ ತಿರುಗುತ್ತಿವೆ ಎಂದು ಕಳೆದ ವಾರ ಕೇಳಿದ್ದೆ. ಫಾಂಟ್ ಬದಲಿಸುವ ಸಲಹೆ ಫಲಿಸಲಿಲ್ಲ. ಲೊಕೇಲನ್ನು (ಭಾಷೆ-ಪ್ರದೇಶದ ಸೆಟ್ಟಿಂಗ್) ಮತ್ತೆ ರಚಿಸಿದ್ದೂ ವ್ಯರ್ಥವಾಯಿತು. ಕಳ್ಳ ಸಿಕ್ಕಿದ್ದು ‘ಲೊಕೇಲ್‌ಪರ್ಜ್ ಇದೆಯೇ?’ ಎಂದು ಒಬ್ಬರು ಕೇಳಿದಾಗ. ಇತ್ತು! ಬೇಡದ ಭಾಷೆಗಳ ಅನುವಾದ ಕಡತಗಳನ್ನು ಅಳಿಸುವ ಈ ತಂತ್ರಾಂಶವನ್ನು ಡಿಸ್ಕಿನಲ್ಲಿ ಜಾಗ ಉಳಿಸಲು ನಾನೇ ಎಂದೋ ಹಾಕಿ ಮರೆತಿದ್ದೆ. ಅದರಲ್ಲಿ ಉಳಿಸಬೇಕಾದ ಭಾಷೆಗಳ ಪಟ್ಟಿಯಲ್ಲಿದ್ದದ್ದು ಇಂಗ್ಲಿಷ್ ಮಾತ್ರ. ಡೆಬಿಯನ್‌ನಲ್ಲಿ ತಂತ್ರಾಂಶ ಹಾಕುವ ಸಾಧನವಾದ ಆಪ್ಟ್ ಕೆಲಸ ಮುಗಿಸಿದೊಡನೆ ಲೊಕೇಲ್‌ಪರ್ಜ್ ಮಿಕ್ಕ ಅನುವಾದಗಳನ್ನೆಲ್ಲ ಗುಡಿಸಿ ಹಾಕುತ್ತಿತ್ತು.

ಪಟ್ಟಿಗೆ ಕನ್ನಡವನ್ನು ಸೇರಿಸಿದೆ. ಆದರೂ ಮೆನು ಬದಲಾಗಲಿಲ್ಲ! ಒಮ್ಮೆ ಅಳಿಸಿಹೋದ ಕಡತಗಳು ತಾವಾಗಿ ಮರಳುವುದಿಲ್ಲ ಎಂದು ಆಗ ತಿಳಿಯಿತು. ಆಯಾ ತಂತ್ರಾಂಶಗಳ ಪ್ಯಾಕೇಜುಗಳನ್ನು ರೀಇನ್‌ಸ್ಟಾಲ್ ಮಾಡಬೇಕು. ಮಾಡಿದೆ, ‘ಕಡತ’, ‘ಸಹಾಯ’ ಎಲ್ಲ ಮತ್ತೆ ಕಾಣಿಸಿದವು.

“ನೀನೇ ಅಳಿಸಿ ನೀನೇ ಹುಡುಕಿದೆಯಾ?” ಎಂದು ಅಮ್ಮ ಇನ್ನೂ ನಗುತ್ತಿದ್ದಾರೆ.