ಅಪ್‌ಡೇಟ್: ಐಸೊಮೆಟ್ರಿಕ್ ನೋಟದಲ್ಲಿ ವೃತ್ತ ಸರಿಯಾಗಿ ಮೂಡಿತು

ಗಂಗಾವತಿಯ ಅಕ್ಕಿ ಗಿರಣಿಯೊಂದರ ಬೇರಿಂಗ್ ಬ್ಲಾಕನ್ನು (ತಿರುಗುವ ದಂಡಕ್ಕೆ ಆಧಾರವಾಗುವ ಭಾಗ) ಐಸೊಮೆಟ್ರಿಕ್ ನೋಟದಲ್ಲಿ (ಮೂರು ಮುಖಗಳೂ ಒಟ್ಟಿಗೆ ಕಾಣುವ ಓರೆ ನೋಟ) ಬಿಡಿಸುವಾಗ, ನಕ್ಷೆ ಬಿಡಿಸುವ ತಂತ್ರಾಂಶ ಆಟೋಕ್ಯಾಡ್‌ನ ಎಲಿಪ್ಸ್ (ದೀರ್ಘವೃತ್ತ) ಕಮಾಂಡಿನಲ್ಲಿ, ಈ ನೋಟಕ್ಕೆ ತಕ್ಕಂತೆ ವೃತ್ತವನ್ನು ಮೂಡಿಸುವ ಐಸೊಸರ್ಕಲ್ ಆಯ್ಕೆಯೇ ಕಾಣುತ್ತಿಲ್ಲವೆಂದು ಕಳೆದ ವಾರ ಕೇಳಿದ್ದೆ. ಸ್ನ್ಯಾಪ್ ವಿಧವನ್ನು (ಕರ್ಸರ್ ಯಾವ ಬಗೆಯ ಚೌಕಳಿಗೆ ಹೊಂದಿಕೊಳ್ಳಬೇಕೆಂಬ ಸೆಟ್ಟಿಂಗ್) ಪರೀಕ್ಷಿಸಲು ತಿಳಿಸಿದ ಹಿರಿಯರ ಮಾತು ನಿಜವಾಗಿತ್ತು. ರೆಕ್ಟ್ಯಾಂಗ್ಯುಲರ್‌ನಲ್ಲಿದ್ದುದನ್ನು ಐಸೊಮೆಟ್ರಿಕ್‌ಗೆ ಬದಲಿಸಿದೊಡನೆ ಆಯ್ಕೆ ಕಾಣಿಸಿತು. ಅವರಿಗೆ ಹೃತ್ಪೂರ್ವಕ ಧನ್ಯವಾದಗಳು.

ಆದರೂ ಮೊದಲ ಪ್ರಯತ್ನದಲ್ಲಿ ಬಲಮುಖದ ರಂಧ್ರವು ಮೇಲ್ಮುಖದ ಮೇಲೆ ಮಲಗಿದಂತೆ ಮೂಡಿತು, ಏಕೆಂದರೆ ಎಫ್5 ಒತ್ತಿ ಐಸೊಪ್ಲೇನನ್ನು (ಯಾವ ಮುಖದ ಮೇಲೆ ಎಳೆಯುತ್ತಿದ್ದೇವೆಂಬ ಆಯ್ಕೆ) ಬಲಕ್ಕೆ ಬದಲಿಸಿರಲಿಲ್ಲ. ಬದಲಿಸಿ, ಕೇಂದ್ರವನ್ನು ಗುರುತಿಸಿ, 30 ಮಿ.ಮೀ. ತ್ರಿಜ್ಯ ಕೊಟ್ಟಾಗ, ನಾನು ಮೊದಲೇ ಎಳೆದಿದ್ದ 60 ಮಿ.ಮೀ. ಬಾಹುಗಳ ಸಮಚತುರ್ಭುಜದ ನಾಲ್ಕೂ ಬಾಹುಗಳನ್ನು ದೀರ್ಘವೃತ್ತವು ನಡುಬಿಂದುಗಳಲ್ಲಿ ಮುಟ್ಟಿತು. ಅದರ ದೊಡ್ಡ ಅಕ್ಷ 73.48, ಚಿಕ್ಕ ಅಕ್ಷ 42.43 ಮಿ.ಮೀ. ಬಂದದ್ದು ಮೊದಲು ಗಾಬರಿ ಹುಟ್ಟಿಸಿತಾದರೂ, 60 ಮಿ.ಮೀ. ವ್ಯಾಸವು ಆ ಮುಖದ ಐಸೊಮೆಟ್ರಿಕ್ ಅಕ್ಷಗಳ ದಿಕ್ಕಿನಲ್ಲಿ ಅಳೆದಾಗ ಮಾತ್ರ ಸಿಗುತ್ತದೆಂಬುದು ಆಮೇಲೆ ಸ್ಪಷ್ಟವಾಯಿತು.

ಹೊರಗಿನ ಉಂಗುರಕ್ಕೆ ಆಫ್‌ಸೆಟ್ (ಇರುವ ರೇಖೆಗೆ ಸಮಾನಾಂತರ ರೇಖೆ ಎಳೆಯುವ ಕಮಾಂಡ್) ಬಳಸಿದ್ದು ಮಾತ್ರ ತಪ್ಪು. ಅದು ಎಲ್ಲ ದಿಕ್ಕಿಗೂ ಒಂದೇ ಅಂತರ ಬಿಡುವುದರಿಂದ ಬರುವ ರೇಖೆ ದೀರ್ಘವೃತ್ತವೇ ಆಗಿರುವುದಿಲ್ಲ. ಅದೇ ಕೇಂದ್ರದಿಂದ 40 ಮಿ.ಮೀ. ತ್ರಿಜ್ಯದ ಇನ್ನೊಂದು ಐಸೊಸರ್ಕಲ್ ಎಳೆದ ಮೇಲೆ ಉಂಗುರವೂ ಸರಿಯಾಯಿತು.