ನಾಲ್ಕು ಜನ, ಮೂರು ಜಿಮ್: ಫಿಸಿಯೋ ಮೇಡಂ ಅವರನ್ನು ಕೇಳಿ

ಸೋಮಾರಿ ಸಂಘ: ಮೇಡಂ, ನಾವು ನಾಲ್ಕು ಜನ ಒಟ್ಟಿಗೆ ಜಿಮ್ ಸೇರೋಣ ಅಂತಿದ್ದೀವಿ. ಒಂದು ಆಫೀಸ್ ಪಕ್ಕ, ಎಲ್ಲಾ ಹೊಸ ಮಷೀನು. ಒಂದು ಮನೆ ಹತ್ರ, ಹಳೇ ಕಬ್ಬಿಣ. ಮೂರನೇದು ದೂರ, ಆದ್ರೆ ವರ್ಷದ ಫೀಸಿಗೆ ಭಾರೀ ಆಫರ್. ಯಾವುದು?

ಫಿಸಿಯೋ: ನೀವು ದಿನಾ ಹೋಗೋ ಹೊತ್ತಿಗೇ ಮೂರನ್ನೂ ಒಂದೊಂದ್ಸಲ ನೋಡಿ ಬನ್ನಿ. ಮಧ್ಯಾಹ್ನ ಖಾಲಿ ಹೊಡೆಯೋ ಜಿಮ್ಮು ಸಂಜೆ 7ಕ್ಕೆ ಸಂತೆ. ಸ್ಕ್ವಾಟ್ ರ‍್ಯಾಕಿಗೆ ಸೇಫ್ಟಿ ಬಾರ್ ಇದೆಯಾ, ತೂಕದ ಬಿಲ್ಲೆ ಜಾರದ ಹಾಗೆ ಕ್ಲಾಂಪ್ ಹಾಕ್ತಾರಾ ಗಮನಿಸಿ. ಬಿಪಿ, ಹಳೇ ನೋವು ಏನನ್ನೂ ಕೇಳದೆ ತೂಕ ಎತ್ತಿಸೋ ಟ್ರೈನರ್ ಬೇಡ. ಮೊದಲ ತಿಂಗಳಿಗೆ ಮಾತ್ರ ದುಡ್ಡು ಕಟ್ಟಿ.

ಬೆಳಗಿನ ಹಕ್ಕಿ: ಬೆಳಿಗ್ಗೆ 6 ಗಂಟೆ ಆದ್ರೆ ಮಾತ್ರ ನಾನು.

ಗೂಬೆ: ನಂಗದು ಮಧ್ಯರಾತ್ರಿ. ಮೇಡಂ, ಬೆಳಿಗ್ಗೆ ಒಳ್ಳೇದಾ, ಸಂಜೆನಾ?

ಫಿಸಿಯೋ: ತಪ್ಪಿಸದೆ ಹೋಗೋಕಾಗೋ ಹೊತ್ತು.

ಸೋಮಾರಿ ಸಂಘ: ವಾರಕ್ಕೆ ಎಷ್ಟು ಹೊತ್ತು ಮಾಡ್ಬೇಕು?

ಫಿಸಿಯೋ: ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ: ವಯಸ್ಕರಿಗೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ 2 ದಿನವಾದ್ರೂ ಸ್ನಾಯು ಬಲದ ವ್ಯಾಯಾಮ.

ಬೆಳಗಿನ ಹಕ್ಕಿ: ಡಿಸ್ಕ್ ತೊಂದರೆ ಇದ್ದೋರು ಡೆಡ್‌ಲಿಫ್ಟ್ ಮಾಡಬಹುದಾ?

ಗೂಬೆ: ಫಾರ್ವರ್ಡ್ ಬಂದಿದೆ, ನೋಡಿ: ಹೊಟ್ಟೆಗೆ ಪ್ಲಾಸ್ಟಿಕ್ ಸುತ್ಕೊಂಡು ಟ್ರೆಡ್‌ಮಿಲ್ ಓಡಿದ್ರೆ 7 ದಿನದಲ್ಲಿ ಬೊಜ್ಜು ಮಾಯ.

ಫಿಸಿಯೋ: ಮಾಯ ಆಗೋದು ಮೈಯಲ್ಲಿನ ನೀರು. ಎರಡು ಲೋಟ ಕುಡಿದ್ರೆ ತೂಕ ವಾಪಸ್. ಮೈ ಬಿಸಿ ಏರಿ ತಲೆ ತಿರುಗಿ ಬೀಳ್ತೀರಿ, ಅಷ್ಟೇ ಲಾಭ.

ನಾಲ್ಕನೆಯವ: ನಾನು ಮೊನ್ನೆ ಹೊಸ ಮಷೀನಿನ ಜಿಮ್ಮಿಗೆ ಫ್ರೀ ಟ್ರಯಲ್‌ಗೆ ಹೋಗಿದ್ದೆ. ಪಕ್ಕದವನ ಜೊತೆ ಪಂದ್ಯ ಕಟ್ಟಿ 150 ಸ್ಕ್ವಾಟ್ ಹೊಡೆದೆ. ತೊಡೆ ಕಲ್ಲಾಗಿದೆ, ಕಮೋಡಿನ ಮೇಲೆ ಕೂರೋಕೆ ಗೋಡೆ ಹಿಡೀಬೇಕು. ನಗಬೇಡಿ. ಬೆಳಿಗ್ಗೆಯಿಂದ ಮೂತ್ರ ಬೇರೆ ಕೋಲಾ ಬಣ್ಣ.

ಗೂಬೆ: ಹೀರೋ! ಒಂದು ಪೇನ್‌ಕಿಲ್ಲರ್ ನುಂಗಿ ಮಲಗು.

ಫಿಸಿಯೋ: ನುಂಗಬೇಡಿ! ನಾಲ್ಕನೆಯವರೇ, ಇದನ್ನ ಓದಿ, ಉಳಿದದ್ದು ಬಿಡಿ. ವ್ಯಾಯಾಮದ ಮೈಕೈ ನೋವು ಎಲ್ಲರಿಗೂ ಬರುತ್ತೆ, ಸಾಮಾನ್ಯವಾಗಿ 1ರಿಂದ 3 ದಿನದೊಳಗೆ ಜೋರಾಗಿ ಆಮೇಲೆ ಇಳಿಯುತ್ತೆ. ಅದಕ್ಕೆ ಮೂತ್ರದ ಬಣ್ಣ ಬದಲಾಗಲ್ಲ. ನಿಮಗಾಗಿರೋದು ರಾಬ್ಡೋಮಯೋಲಿಸಿಸ್ ಇರಬಹುದು. ಅಭ್ಯಾಸವಿಲ್ಲದ ಸ್ನಾಯುವನ್ನ ಒಂದೇ ಸಲ ಮಿತಿ ಮೀರಿ ದುಡಿಸಿದಾಗ ಅದರ ಜೀವಕೋಶಗಳು ಒಡೆದು ಮಯೋಗ್ಲೋಬಿನ್ ಅನ್ನೋ ಪ್ರೋಟೀನು ರಕ್ತಕ್ಕೆ ಸೇರುತ್ತೆ. ಮೂತ್ರಕ್ಕೆ ಆ ಬಣ್ಣ ಅದರಿಂದ, ಕಿಡ್ನಿಗೆ ಪೆಟ್ಟೂ ಅದರಿಂದ. ಒಡೆದ ಕೋಶದಿಂದ ಪೊಟ್ಯಾಶಿಯಂ ಕೂಡ ಹೊರಗೆ ಬರುತ್ತೆ, ಅದು ಹೆಚ್ಚಾದ್ರೆ ಹೃದಯದ ಬಡಿತವೇ ಹಳಿ ತಪ್ಪಬಹುದು. ಐಬುಪ್ರೊಫೆನ್ ಥರದ ಮಾತ್ರೆ ಈ ಹೊತ್ತಲ್ಲಿ ಕಿಡ್ನಿಗೆ ಇನ್ನೊಂದು ಏಟು. ಈಗಲೇ ಎಮರ್ಜೆನ್ಸಿಗೆ ಹೋಗಿ. ಗಾಡಿ ಓಡಿಸಬೇಡಿ, ಯಾರಾದ್ರೂ ಕರ್ಕೊಂಡು ಹೋಗಲಿ. 150 ಸ್ಕ್ವಾಟ್, ಮೂತ್ರದ ಬಣ್ಣ, ಎರಡನ್ನೂ ಬಾಯಿಬಿಟ್ಟು ಹೇಳಿ. ರಕ್ತದಲ್ಲಿ ಸಿಕೆ (ಸ್ನಾಯು ಒಡೆದಾಗ ಏರೋ ಕಿಣ್ವ), ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸೋದು), ಪೊಟ್ಯಾಶಿಯಂ ನೋಡ್ತಾರೆ.

ಬೆಳಗಿನ ಹಕ್ಕಿ: ಅದಕ್ಕೇ ಹೇಳಿದ್ದು, ಹಳೇ ಕಬ್ಬಿಣದ ಜಿಮ್ಮೇ ಸೇಫು.

ಗೂಬೆ: ಸ್ಕ್ವಾಟ್‌ಗೆ ಮಷೀನು ಯಾಕಪ್ಪಾ? ಅಲ್ಲಿ ಹೋಗಿದ್ರೂ ಅವನು 150 ಹೊಡೀತಿದ್ದ.

ಬೆಳಗಿನ ಹಕ್ಕಿ: ನಿಂಗೆ ಆಫೀಸ್ ಪಕ್ಕ ಬೇಕಾಗಿರೋದು ಎಸಿಗೆ.

ಗೂಬೆ: ನೀನು ಹೋದ ವರ್ಷ ದುಡ್ಡು ಕಟ್ಟಿ 4 ದಿನ ಹೋದೋನು, ಸುಮ್ನಿರು.

ಸೋಮಾರಿ ಸಂಘ: ಮೇಡಂ, ವಾರಕ್ಕೆ ಎಷ್ಟು ಹೊತ್ತು ಅಂದ್ರಿ?

ಫಿಸಿಯೋ: ಮೇಲೆ ಇದೆ.

ಗೂಬೆ: ಎಳನೀರು ಕುಡಿದ್ರೆ ಕಿಡ್ನಿ ತೊಳೆದು ಹೋಗುತ್ತೆ ಅಂತ ಇನ್ನೊಂದು ಫಾರ್ವರ್ಡ್...

ಫಿಸಿಯೋ: ಅದರಲ್ಲೂ ಪೊಟ್ಯಾಶಿಯಂ ಇದೆ. ಕೊಡಬೇಡಿ. ಇನ್ನೊಂದು ಫಾರ್ವರ್ಡ್ ಹಾಕಿದ್ರೆ ನಾನು ಈ ಗುಂಪಲ್ಲಿರಲ್ಲ. ನಾಲ್ಕನೆಯವರು ಆಸ್ಪತ್ರೆ ತಲುಪಿದ್ರಾ? ಯಾರು ಜೊತೆಗೆ ಹೋದ್ರಿ?

ಸೋಮಾರಿ ಸಂಘ: ನಾನೇ. ಡ್ರಿಪ್ ಹಾಕಿದ್ದಾರೆ. ಸಿಕೆ 38,000 ಅಂತೆ, ಇರಬೇಕಾದ್ದು ಇನ್ನೂರರ ಆಸುಪಾಸು. ಕ್ರಿಯಾಟಿನಿನ್ ಸದ್ಯಕ್ಕೆ ಸರಿ ಇದೆ, ಅಡ್ಮಿಟ್ ಮಾಡ್ಕೊಂಡ್ರು. ಮಲಗಿದಲ್ಲಿಂದಲೇ ಕೇಳ್ತಿದ್ದಾನೆ, ಪಂದ್ಯದಲ್ಲಿ ಪಕ್ಕದವನು ಎಷ್ಟು ಹೊಡೆದ ಅಂತ ಯಾರಿಗಾದ್ರೂ ಗೊತ್ತಾ?

ಫಿಸಿಯೋ: ಆ ಪಕ್ಕದವನನ್ನೂ ಹುಡುಕಿ, ಮೂತ್ರದ ಬಣ್ಣ ಕೇಳಿ.