ಹದಿನಾರು ವರ್ಷ ಒಂದೇ ಡಬ್ಬಿಗೆ?

ಗುಂಪು: ಹಾಸ್ಟೆಲ್ ಬಿ ಬ್ಲಾಕ್

ಸೀನ: (ಫಾರ್ವರ್ಡ್) “ಎಕ್ಸ್-ಮೆನ್ ಕಾಮಿಕ್ಸ್: ನಿಮ್ಮ ಯುಗ ಯಾವುದು? 1. ಲೀ–ಕರ್ಬಿ 1963. 2. ಕ್ಲೇರ್‌ಮಾಂಟ್ 1975–91. 3. ಜಿಮ್ ಲೀ. 4. ಮಾರಿಸನ್. 5. ಕ್ರಕೋವಾ 2019.”

ಸೀನ: ನಂದು 2. ಚರ್ಚೆಗೆ ಜಾಗವೇ ಇಲ್ಲ.

ಪದ್ಮ: ಇದನ್ನ ಮಾಡಿದೋರು ಓದಿಲ್ಲ. 2ರಲ್ಲಿ ಸಂಚಿಕೆ 94ರಿಂದ 279ರ ತನಕ ಒಂದೇ ಡಬ್ಬಿಗೆ ತುರುಕಿದಾರೆ. ಬರ್ನ್ ಚಿತ್ರಿಸಿದ 108–143 ಒಂದು ಲೋಕ, ಪಾಲ್ ಸ್ಮಿತ್‌ನ 165–175 ಹೆಚ್ಚುಕಮ್ಮಿ ಇನ್ನೊಂದು. 229ರಿಂದ ತಂಡ ಆಸ್ಟ್ರೇಲಿಯಾದ ಮರಳುಗಾಡಲ್ಲಿ, ಸತ್ತೋದ್ರು ಅಂತ ಜಗತ್ತು ನಂಬಿರುತ್ತೆ. ಅದು ಮೂರನೇದು.

ಸೀನ: ಬರೆದೋನು ಕ್ಲೇರ್‌ಮಾಂಟ್ ಒಬ್ನೇ ಅಲ್ವಾ?

ಪದ್ಮ: ಅಲ್ಲೇ ಎಡವೋದು. ಮಾರ್ವೆಲ್‌ನಲ್ಲಿ ಆಗ ಮೊದಲು ಕಥೆಯ ಎಳೆ, ಆಮೇಲೆ ಚಿತ್ರ, ಕೊನೆಗೆ ಮಾತು. ಹಾಗಾಗಿ ಕಥೆ ಯಾರ ಸುತ್ತ ಅನ್ನೋದ್ರಲ್ಲಿ ಚಿತ್ರಗಾರನ ಕೈ ಇರ್ತಿತ್ತು. ಬರ್ನ್‌ಗಿಂತ ಮುಂಚಿನ ಚಿತ್ರಗಾರ ಕಾಕ್ರಮ್‌ಗೆ ತಂಡದ ನೈಟ್‌ಕ್ರಾಲರ್ ಅಂದ್ರೆ ಪ್ರಾಣ. ಬರ್ನ್ ಕೆನಡಾದಲ್ಲಿ ಬೆಳೆದೋನು, ಕೆನಡಾದ ವುಲ್ವರಿನ್‌ನ ಮೂಲೆಗೆ ಬಿಡಲಿಲ್ಲ. ಮಾತು ಬರೆದ ಕೈ ಅದೇ, ನಡುಮನೇಲಿ ಕೂತೋರು ಬದಲಾದ್ರು.

ಕಿಟ್ಟಿ: ನಂದು 5.

ಪದ್ಮ: ನಿನ್ನ ಹೆಸರಿನ ಕಿಟ್ಟಿ ಪ್ರೈಡ್ ಬರೋದೇ 129ರಲ್ಲಿ, ಅಂದ್ರೆ 2ರಲ್ಲಿ, ನೀನು 5 ಅಂತೀಯಾ 😄 ಕ್ರಕೋವಾ ದ್ವೀಪದಲ್ಲಿ ಸತ್ತೋರು ಎದ್ದು ಬರ್ತಾರೆ, ಸಾವಿಗೆ ತೂಕವೇ ಇಲ್ಲ.

ಕಿಟ್ಟಿ: ತೂಕ ಹೋಗಿದ್ದು 1986ರಲ್ಲಿ ಮಾರಾಯ್ತಿ. 135ರಲ್ಲಿ ಫೀನಿಕ್ಸ್ ಆಗಿದ್ದ ಜೀನ್ 500 ಕೋಟಿ ಜೀವ ನುಂಗಿದ್ಳು. ಬರೀ ಶಕ್ತಿ ಕಿತ್ಕೊಂಡ್ರೆ ಸಾಲದು ಅಂತ ಸಂಪಾದಕ ಶೂಟರ್ ಪಟ್ಟು ಹಿಡಿದ, 137ರ ಅಂತ್ಯ ಬದಲಾಯ್ತು, ಜೀನ್ ಸತ್ಲು. ಆರು ವರ್ಷಕ್ಕೆ ಎಕ್ಸ್-ಫ್ಯಾಕ್ಟರ್ ಅನ್ನೋ ಹೊಸ ಸರಣಿಗೋಸ್ಕರ “ಸತ್ತಿದ್ದು ಅವಳಲ್ಲ” ಅಂದ್ರು. ಜೀನ್‌ನ ಹಳೇ ಪ್ರೇಮಿ ಸೈಕ್ಲಾಪ್ಸ್ ಹೆಂಡ್ತಿ ಮಗೂನ ಬಿಟ್ಟು ಅವಳ ಹತ್ರ ಹೊರಟ. ಆ ತೂತು ಮುಚ್ಚೋಕೆ 1989ರ ‘ಇನ್‌ಫರ್ನೋ’ ಕಥೇಲಿ ಹೆಂಡ್ತೀನೇ ರಾಕ್ಷಸಿ. ಕ್ರಕೋವಾ ಬರೆದ ಹಿಕ್‌ಮನ್ ಆ ಕಳ್ಳಾಟಕ್ಕೆ ನಿಯಮ ಬರೆದ ಅಷ್ಟೇ. ಐದು ಜನ ಸೇರಿ ಸತ್ತೋರನ್ನ ಎಬ್ಬಿಸ್ತಾರೆ: ಎಗ್ ಮೊಟ್ಟೆ ಕೊಡ್ತಾನೆ, ಪ್ರೋಟಿಯಸ್ ಅದನ್ನ ಜೀವ ಹಿಡಿಯೋ ಹಾಗೆ ಮಾಡ್ತಾನೆ, ಎಲಿಕ್ಸರ್ ಜೀವ ತುಂಬ್ತಾನೆ, ಟೆಂಪಸ್ ವಯಸ್ಸಿಗೆ ತರ್ತಾಳೆ, ಹೋಪ್ ಎಲ್ಲರನ್ನೂ ಹೊಂದಿಸ್ತಾಳೆ. ಮನಸ್ಸು ಸೆರೆಬ್ರೊ ಅನ್ನೋ ಯಂತ್ರ ಇಟ್ಟ ಪ್ರತಿಯಿಂದ. ಕೊನೇ ಪ್ರತಿ ಆದ್ಮೇಲೆ ನಡೆದಿದ್ದು ನೆನಪಿರಲ್ಲ.

ಪದ್ಮ: ನಿಯಮ ಒಪ್ಪಿದೆ. ಆದ್ರೆ ಕ್ರಕೋವಾದ ‘ಎಕ್ಸ್ ಆಫ್ ಸ್ವೋರ್ಡ್ಸ್’ ಕಥೆ 22 ಕಂತು! ಕತ್ತಿ ಹುಡುಕೋದ್ರಲ್ಲೇ ಅರ್ಧ ಹೋಯ್ತು.

ಕಿಟ್ಟಿ: ಅದಕ್ಕೆ ನನ್ನ ವಕಾಲತ್ತು ಇಲ್ಲ.

ಸುಧಿ: ಓದದೇ ಇರೋನು ಎಲ್ಲಿಂದ ಶುರು ಮಾಡ್ಲಿ?

ಪದ್ಮ: 1975ರ ‘ಜೈಂಟ್-ಸೈಜ್ ಎಕ್ಸ್-ಮೆನ್’ 1, ಆಮೇಲೆ 94. 1963ರಿಂದಲೇ ಅಂತ ಹಠ ಹಿಡಿದ್ರೆ 66ಕ್ಕೆ ನಿಲ್ಲು. 67–93 ಹಳೇ ಕಥೆಗಳ ಮರುಮುದ್ರಣ.

ಕಿಟ್ಟಿ: ಕ್ರಕೋವಾಗೆ 2019ರ 12 ಸಂಚಿಕೆ ಸಾಕು: ‘ಹೌಸ್ ಆಫ್ ಎಕ್ಸ್’ (ಹೌ) ಆರು, ‘ಪವರ್ಸ್ ಆಫ್ ಎಕ್ಸ್’ (ಪ) ಆರು. ‘ಹೌಸ್’ ಆರೂ ಮುಗಿಸಿ ‘ಪವರ್ಸ್’ ಹಿಡೀಬೇಡ. ಹೌ1, ಪ1, ಹೌ2, ಪ2, ಪ3, ಹೌ3, ಹೌ4, ಪ4, ಅಲ್ಲಿಂದ ಒಂದಾದ್ಮೇಲೊಂದು. ಸತ್ತು ಮತ್ತೆ ಮತ್ತೆ ಹುಟ್ಟೋ ಮೊಯಿರಾಳ ಜನ್ಮಗಳ ಲೆಕ್ಕ ಹೌ2ರಲ್ಲಿದೆ, ಅದು ತಪ್ಪಿದ್ರೆ ‘ಪವರ್ಸ್’ ತಲೆಬುಡ ತಿಳಿಯಲ್ಲ.

ಸುಧಿ: 1991ರ ‘ಎಕ್ಸ್-ಮೆನ್’ ನಂಬರ್ 1 ಸಿಕ್ಕಿದ್ರೆ ತಗೊಳ್ಳೋದಾ? ಅಪರೂಪ ಅಂತಾರೆ.

ಪದ್ಮ: ಐದು ಮುಖಪುಟ ಹಾಕಿ 80 ಲಕ್ಷ ಪ್ರತಿ ಅಚ್ಚಾಗಿದ್ದು ಅಪರೂಪ ಹೇಗಾಗುತ್ತೆ? ಓದೋಕೆ ತಗೋ.

ಸೀನ: ಸರಿ, ನಂದು 2ಬಿ.

ಪದ್ಮ: ಸ್ಮಿತ್ತಾ?

ಸೀನ: ಬರ್ನ್. 2ಎ ಕಾಕ್ರಮ್, 94–107. ನಿನ್ನ ಮೂರು ಡಬ್ಬಿಲಿ ಅವನಿಗೆ ಜಾಗವೇ ಇರ್ಲಿಲ್ಲ ನೋಡು 😏